ಬುಡ ಬರಿದಾಗಿ ಬಿಡಬೇಡಿ: ಹಿತ್ತಲು ಮಾಡುವವರಿಗೊಂದು ಕಿವಿಮಾತು

ಸಂತೇಬೆನ್ನೂರಿನಲ್ಲಿ ಹೊಸ ಮನೆ ಕಟ್ಟಿಸಿದವರು ಮುಂದೆ ನಾಲ್ಕು ದಾಸವಾಳ, ಹಿಂದೆ ಎರಡು ಮಡಿ ಬದನೆ ಹಾಕುತ್ತಾರೆ. ಯುಗಾದಿ ಹೊತ್ತಿಗೆ ಗಿಡ ಬಾಡಿದವೆಂದು ನಮ್ಮಂಥ ವಯಸ್ಸಾದವರನ್ನು ಕೇಳುತ್ತಾರೆ. 2024ರ ಬೇಸಿಗೆಯಲ್ಲಿ ನಮ್ಮ ಚನ್ನಗಿರಿ ಸೀಮೆಯ ಅಡಿಕೆ ತೋಟಗಳಿಗೇ ಟ್ಯಾಂಕರ್ ನೀರು ಹೊಡೆಸಬೇಕಾಯಿತು. ಹಿತ್ತಲಿಗೆ ಯಾರು ತರಿಸುತ್ತಾರೆ? ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ ಇರುವ ನಮ್ಮೂರಿನವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಆದರೂ ನಾಲ್ಕು ಮಾತು.

• ಪೊರಕೆ ಅಂಗಳಕ್ಕಿರಲಿ, ಗಿಡದ ಬುಡಕ್ಕೆ ಬೇಡ. ಬುಡ ಬೋಳಾಗಿದ್ದರೆ ಬಿಸಿಲು ನೇರ ಮಣ್ಣಿಗೆ ಬಡಿದು ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಆರುತ್ತದೆ. ಮಾವು, ಹೊಂಗೆಯ ತರಗು ಗುಡಿಸಿ ಬೆಂಕಿ ಹಚ್ಚುವವರು ಗೊಬ್ಬರವನ್ನೇ ಸುಟ್ಟು, ಆಮೇಲೆ ಅಂಗಡಿಯಿಂದ ಚೀಲ ತರುತ್ತಾರೆ.

• ಮೊದಲು ಕಳೆ ಕಿತ್ತು, ಮಣ್ಣು ನೆನೆಯುವಂತೆ ನೀರು ಕೊಟ್ಟು, ಆಮೇಲೆ ಬುಡಕ್ಕೆ ತರಗು ಹೊದಿಸಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಸಣ್ಣ ಮಳೆ ತರಗಿನಲ್ಲೇ ಇಂಗಿಹೋಗುತ್ತದೆ, ಬೇರಿಗೆ ಮುಟ್ಟುವುದಿಲ್ಲ.

• ಹೊದಿಕೆ ಎರಡರಿಂದ ಮೂರು ಇಂಚು ದಪ್ಪ ಸಾಕು. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಸುತ್ತ ಮೂರು ಬೆರಳು ಜಾಗ ಬಿಡಿ. ಕರಿಬೇವು, ನಿಂಬೆ, ಪಪ್ಪಾಯಿಗೆ ಇದು ಮುಖ್ಯ. ಪಪ್ಪಾಯಿಯ ಬುಡ ಸದಾ ಒದ್ದೆಯಿದ್ದರೆ ಕೊಳೆತು ಮಗುಚಿ ಬೀಳುತ್ತದೆ.

• ಇನ್ನು ಅಡಿಕೆ ಸಿಪ್ಪೆ. ಸುಲಿತದ ಕಾಲದಲ್ಲಿ ನಮ್ಮ ರಸ್ತೆಬದಿಯಲ್ಲಿ ಗುಡ್ಡೆಗುಡ್ಡೆ ಬಿದ್ದಿರುತ್ತದೆ, ಸುಟ್ಟ ಹೊಗೆಗೆ ಬೈಕಿನವರ ಕಣ್ಣು ಕಾಣುವುದಿಲ್ಲ. ಅದೇ ಸಿಪ್ಪೆ ಹಿತ್ತಲಿಗೆ ಒಳ್ಳೇ ಹೊದಿಕೆ. ನಾರು ಗಟ್ಟಿ, ಬೇಗ ಕರಗುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಹಸಿಯದನ್ನು ಮಣ್ಣಿಗೆ ಬೆರೆಸುವ ಅವಸರ ಮಾತ್ರ ಬೇಡ. ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಎಲೆ ಹಳದಿಯಾಗುತ್ತದೆ. ಮೂಲೆಯಲ್ಲಿ ರಾಶಿ ಹಾಕಿ, ಸಗಣಿ ನೀರು ಚಿಮುಕಿಸಿ, ಕೆಲ ತಿಂಗಳು ಬಿಡಿ. ರಾಶಿಯ ಕಾವಾರಿ ಬಣ್ಣ ಕಪ್ಪಾದ ಮೇಲೆ ಮೇಲ್ಗಡೆ ಹರಡಿ.

• ಸಿಪ್ಪೆ ಸಿಗದವರಿಗೆ ಭತ್ತದ ಹುಲ್ಲು, ಶೇಂಗಾ ಹೊಟ್ಟು, ಕತ್ತರಿಸಿದ ಮೆಕ್ಕೆಜೋಳದ ದಂಟು ಇದೆ. ಬೀಜ ಕಟ್ಟಿದ ಕಳೆ ಬೇಡ, ಕಳೆನಾಶಕ ಹೊಡೆದ ಹೊಲದ ಕಸವೂ ಬೇಡ.

• ಮಧ್ಯಾಹ್ನ ಎರಡರ ಬಿಸಿಲಲ್ಲಿ ಹೊದಿಕೆ ಎತ್ತಿ ಕೈಯಿಡಿ. ಅಡಿಯಲ್ಲಿ ಮಣ್ಣು ತಣ್ಣಗೆ, ಉಂಡೆ ಕಟ್ಟುವಷ್ಟು ಹಸಿಯಾಗಿರುತ್ತದೆ. ಕೊಳೆತ ಎಲೆಗೆ ಬಿಳಿ ನೂಲಿನಂಥ ಬೂಷ್ಟು ಹಬ್ಬಿದ್ದರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಕೊಳೆಸುವ ಕೆಲಸ ಅದರದೇ. ಎರೆಹುಳು ಕಂಡರೆ ಗುದ್ದಲಿ ಬದಿಗಿಡಿ.

• ಗೆದ್ದಲು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಹೊದಿಕೆಯನ್ನು ಗೋಡೆ, ಬಾಗಿಲ ಚೌಕಟ್ಟಿನಿಂದ ಒಂದು ಅಡಿ ದೂರವಿಡಿ. ಮಳೆಗಾಲದಲ್ಲಿ ಹೊದಿಕೆ ತೆಳುವಾಗಿಸಿ, ಬಸವನಹುಳು ಹೆಚ್ಚಾದರೆ ಸಂಜೆ ಆರಿಸಿ ಉಪ್ಪುನೀರಿಗೆ ಹಾಕಿ. ಆ ನೀರನ್ನು ಗಿಡಕ್ಕೆ ಚೆಲ್ಲಬೇಡಿ. ಚೇಳಿನ ಭಯವಿರುವ ಕಡೆ ಬರಿಗೈಯಲ್ಲಿ ತರಗು ಕೆದಕಬೇಡಿ, ಕೋಲು ಹಿಡಿಯಿರಿ.

• ಬಿಳಿ ಜಲ್ಲಿ ನೋಡಲು ಚಂದ, ಬೇಸಿಗೆಯಲ್ಲಿ ಕಾದ ಕಾವಲಿ. ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ತರಕಾರಿ ಬೆಳೆಗಾರರಿಗೆ ಸರಿ, ಎರಡು ಮಡಿಗೆ ಏಕೆ? ಅದು ಎಂದೂ ಮಣ್ಣಾಗುವುದಿಲ್ಲ.

• ಹೊದಿಕೆ ಕರಗುತ್ತಾ ಇಳಿಯುತ್ತದೆ, ಇಳಿದಂತೆ ಮತ್ತೆ ಹಾಕಿ. ಈ ಸಲ ಸುಲಿತ ಶುರುವಾದಾಗ, ಯಾರಾದರೂ ಸಿಪ್ಪೆಗೆ ಕಡ್ಡಿ ಗೀರುವ ಮುಂಚೆ ಹೋಗಿ ನಾಲ್ಕು ಚೀಲ ತುಂಬಿಕೊಂಡು ಬನ್ನಿ.