ನ್ಯಾಯಸ್ಥಾನದಲ್ಲಿ ನೊಂದವಳ ಹೆಸರು

ನ್ಯಾಯವಿಚಾರಣೆಯು ಬಹಿರಂಗವಾಗಿ ನಡೆಯಬೇಕೆಂಬುದು ಸಾಮಾನ್ಯ ನಿಯಮವು. ಬಾಗಿಲು ತೆರೆದಿದ್ದರೆ ನ್ಯಾಯಾಧೀಶರೂ ವಕೀಲರೂ ಸಾಕ್ಷಿಗಳೂ ಜನರ ಕಣ್ಣೆದುರಿಗೆ ಇರುವರು. ಅನ್ಯಾಯಕ್ಕೆ ಆಸ್ಪದವು ಕಡಮೆಯಾಗುವುದು. ಹೀಗಿರಲು ಅತ್ಯಾಚಾರದ ಮೊಕದ್ದಮೆಗಳಲ್ಲಿ ಬಾಗಿಲನ್ನು ಮುಚ್ಚುವುದೇಕೆ? ನೊಂದವಳ ಹೆಸರನ್ನು ಮರೆಸುವುದೇಕೆ? ವಿದ್ಯಾರ್ಥಿನಿಯರು ಇದನ್ನು ವಿಚಾರಮಾಡಿ ತಿಳಿಯತಕ್ಕದ್ದು.

ಮನೆಯಲ್ಲಿ ಕಳವಾದರೆ ಆ ಮನೆಯವರನ್ನು ಯಾರೂ ಹೀನೈಸುವುದಿಲ್ಲ. ಈ ಅಪರಾಧದಲ್ಲಾದರೋ ಮಾಡಿದವನ ನಡತೆಯನ್ನು ಬಿಟ್ಟು ನೊಂದವಳ ನಡತೆಯನ್ನೇ ಶೋಧಿಸುವುದು ಲೋಕದ ರೂಢಿ. ಆ ನಿಂದೆಗೆ ಅಂಜಿ ಎಷ್ಟೋ ಮಂದಿ ದೂರು ಕೊಡದೆ ಉಳಿಯುವರು. ಅಪರಾಧಿಯು ನಿರ್ಭಯನಾಗಿ ತಿರುಗುವನು. ಆದುದರಿಂದ ಹೆಸರಿಗೆ ತೆರೆ ಹಾಕುವುದು ಆಕೆಯ ಬಾಯಿ ಕಟ್ಟುವುದಕ್ಕಲ್ಲ, ಆಕೆಯು ಧೈರ್ಯದಿಂದ ಸಾಕ್ಷ್ಯ ನುಡಿಯುವುದಕ್ಕೆ.

1983ರಲ್ಲಿ ಭಾರತ ದಂಡಸಂಹಿತೆಗೆ 228-ಎ ಎಂಬ ಕಲಮನ್ನು ಸೇರಿಸಲಾಯಿತು. ಅದೇ ವಿಧಿಯು 2024ನೆಯ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿರುವುದು. ನೊಂದವಳ ಹೆಸರನ್ನಾಗಲಿ, ಗುರುತು ತಿಳಿಯುವಂಥ ಬೇರೆ ಯಾವ ಸಂಗತಿಯನ್ನಾಗಲಿ ಪ್ರಕಟಿಸಿದವರಿಗೆ ಎರಡು ವರ್ಷಗಳ ವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು. ಹೆಸರನ್ನು ಬಿಟ್ಟು ಊರನ್ನೂ ತಂದೆಯ ಉದ್ಯೋಗವನ್ನೂ ಬರೆದರೆ ಜನರು ಗುರುತಿಸದಿರುವರೇ? ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಆದ ಪೋಕ್ಸೋ ಕಾಯಿದೆಯು ವಿಳಾಸ, ಭಾವಚಿತ್ರ, ಕುಟುಂಬ, ಶಾಲೆ, ನೆರೆಹೊರೆ ಇವುಗಳನ್ನು ಎಣಿಸಿ ಹೇಳಿ, ವರದಿಗಳಲ್ಲಿ ಬರಕೂಡದೆಂದು ವಿಧಿಸಿದೆ.

ಕಾಯಿದೆ ಇದ್ದರೂ ಅದನ್ನು ನಡೆಸುವವರಿಗೆ ಎಚ್ಚರಿಕೆ ಬೇಕಾಯಿತು. 1996ರಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸುವುದೇ ನಿಯಮವಾಗಿರಬೇಕೆಂದು ತಿಳಿಸಿತು. 2003ರಲ್ಲಿ ನಮ್ಮ ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ, ತನ್ನ ತೀರ್ಪಿನ ಮುದ್ರಣಕ್ಕೆ ಆ ನಿಷೇಧವು ತಗಲದಿದ್ದರೂ ನೊಂದವಳ ಹೆಸರನ್ನು ಬರೆಯದೆ, ಕೆಳಗಿನ ನ್ಯಾಯಾಲಯಗಳೂ ಉಚ್ಚ ನ್ಯಾಯಾಲಯವೂ ಹಾಗೆಯೇ ಮಾಡುವುದು ಯುಕ್ತವೆಂದಿತು. 2018ನೆಯ ಡಿಸೆಂಬರ್ 11ರ ತೀರ್ಪಿನಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿಯೂ ಹೆಸರನ್ನು ಪ್ರಕಟಿಸಲಾಗದೆಂದೂ, ಮರಣದಿಂದ ಆಕೆಯ ಮಾನದ ಹಕ್ಕು ಅಳಿಯದೆಂದೂ ಸ್ಪಷ್ಟಪಡಿಸಿತು.

ಇದರಿಂದ ಆರೋಪಿಗೆ ಅನ್ಯಾಯವಾಗದೇ ಎಂದು ಕೆಲವರು ಕೇಳಬಹುದು. ಬಾಗಿಲು ಮುಚ್ಚುವುದು ನೋಟಕರಿಗೆ ಮಾತ್ರ. ಆರೋಪಿಗೂ ಆತನ ವಕೀಲನಿಗೂ ಒಳಗೆ ಸ್ಥಳವುಂಟು. ಪಾಟೀಸವಾಲಿನ ಹಕ್ಕೂ ಉಂಟು. ಮಗುವು ಸಾಕ್ಷ್ಯ ಹೇಳುವಾಗ ಆರೋಪಿಯ ಮುಖ ಕಾಣದಂತೆ ತೆರೆಯನ್ನು ಇಟ್ಟರೂ, ಮಗುವಿನ ಮಾತು ಆತನಿಗೆ ಕೇಳಿಸುವಂತೆ ಏರ್ಪಾಡು ಮಾಡಬೇಕೆಂದು ಪೋಕ್ಸೋ ಕಾಯಿದೆಯೇ ಹೇಳುವುದು.

ಇನ್ನೊಂದು ವಿಷಯವನ್ನು ಮರೆಯಲಾಗದು. ವಯಸ್ಕಳಾದ ಸ್ತ್ರೀಯು ತಾನೇ ಲಿಖಿತವಾಗಿ ಒಪ್ಪಿಗೆ ಕೊಟ್ಟರೆ ಆಕೆಯ ಹೆಸರನ್ನು ಪ್ರಕಟಿಸಲು ಕಾಯಿದೆಯಲ್ಲಿ ಅವಕಾಶವಿದೆ. ತೆರೆಯನ್ನು ಸರಿಸುವ ಅಧಿಕಾರವು ಆಕೆಯದು, ನೆರೆಯವರದಲ್ಲ. ಹೆಸರನ್ನು ಗೋಪ್ಯವಾಗಿಡುವುದರಿಂದ ಆಕೆಯು ನಾಚತಕ್ಕ ಕೆಲಸ ಮಾಡಿದಳೆಂದು ಅರ್ಥವಾಗದು. ನಾಚಿಕೆಯು ಅಪರಾಧ ಮಾಡಿದವನದು.

ನ್ಯಾಯಾಧೀಶರು ಮುಚ್ಚಿದ ಬಾಗಿಲನ್ನು ಬಾವಿಕಟ್ಟೆಯ ಹರಟೆಯೂ ಕೈಯಲ್ಲಿನ ದೂರವಾಣಿಯ ಸಂದೇಶವೂ ಕ್ಷಣಮಾತ್ರದಲ್ಲಿ ತೆರೆದುಬಿಡಬಲ್ಲವು. ಆದುದರಿಂದ, ಸಹೋದರಿಯರೇ, ಇಂಥ ಸುದ್ದಿ ಕಿವಿಗೆ ಬಿದ್ದಾಗ “ಅವಳು ಯಾರು?” ಎಂದು ಕೇಳದಿರುವುದೂ, ತಿಳಿದಿದ್ದರೆ ಹೇಳದಿರುವುದೂ ನಾವೆಲ್ಲರೂ ನ್ಯಾಯಕ್ಕೆ ಮಾಡಬಹುದಾದ ಸಹಾಯವು.