ತಂಬೂರಿಯ ಮಂದ್ರತಂತಿ: ಅದನ್ನು ಹದಗೊಳಿಸುವ ವಿಜ್ಞಾನ

ತಂತಿಯನ್ನು ಬಿಗಿದು ಮೀಟಿದರೆ ನಾದ ಹೊರಡುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಂದೇ ಉದ್ದ, ಒಂದೇ ಶ್ರುತಿಯುಳ್ಳ ಎರಡು ತಂತಿಗಳಲ್ಲಿ ಒಂದು ಗುಂಯ್‌ಗುಡುತ್ತ ಬಹುಕಾಲ ಮೊಳಗುವುದು, ಮತ್ತೊಂದು ಮೀಟಿದ ಒಡನೆಯೇ ಬಡಿದಂತೆ ಸದ್ದು ಮಾಡಿ ಅಡಗಿಹೋಗುವುದು ಏಕೆ? ಈ ಪ್ರಶ್ನೆಗೆ ಉತ್ತರ ತಿಳಿದವನು ಮೂಲೆಗೆ ಬಿದ್ದ ವಾದ್ಯಕ್ಕೆ ಮತ್ತೆ ಜೀವ ತುಂಬಬಲ್ಲನು. ತಿಳಿಯದೆ ಅರ ಹಿಡಿದವನು ಒಳ್ಳೆಯ ವಾದ್ಯವನ್ನೂ ಕೆಡಿಸಬಲ್ಲನು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇದನ್ನು ಅರಿಯಲು ವಿಶೇಷ ಅನುಕೂಲವುಂಟು. ಭಜನೆಯ ಏಕತಾರಿಯೂ ಗಾಯಕರ ತಂಬೂರಿಯೂ ಇಲ್ಲಿಯವರಿಗೆ ಹೊಸವಲ್ಲ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೂಲಕ ಹಾಯ್ದುಹೋಗುವ ರೈಲುದಾರಿಯು ಮುಟ್ಟುವ ಮಿರಜ ಪಟ್ಟಣವು ಕಾಗವಾಡಕ್ಕೆ ತೀರ ಸಮೀಪದಲ್ಲಿದೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಸಿತಾರ, ತಂಬೂರಿಗಳ ನಿರ್ಮಾಣ ನಡೆದುಬಂದಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳವರು ಆ ಕಾಲದಲ್ಲಿ ಈ ಕಲೆಗೆ ತಿರುಗಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ ಮಿರಜದಲ್ಲಿಯೇ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಮಂದ್ರತಂತಿಯ ಈ ವಿಷಯ ತಂಬೂರಿಗಷ್ಟೇ ಸೇರಿದುದಲ್ಲ. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಎಂಬಾತನು ಪೇಟೆಗೆ ತಂದ ವಿದ್ಯುತ್ ಬಾಸ್ ಗಿಟಾರನ್ನು ಇಂದು ಕಾಲೇಜುಗಳ ವಾದ್ಯವೃಂದಗಳಲ್ಲಿ ಕಾಣುತ್ತೇವೆ. ರೂಪ ಬೇರೆಯಾದರೂ ಇವೆರಡೂ ಒಂದೇ ನಿಯಮಕ್ಕೆ ಒಳಪಟ್ಟಿವೆ.

ತಂತಿಯ ಮೂರು ಗುಣಗಳು

ತಂತಿಯ ಕಂಪನಸಂಖ್ಯೆಯನ್ನು ನಿರ್ಧರಿಸುವ ಗುಣಗಳು ಮೂರು: ಉದ್ದ, ಸೆಳೆತ, ಒಂದು ಮೀಟರು ತಂತಿಯ ತೂಕ. ಉದ್ದ ಅರ್ಧವಾದರೆ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆ. ಸೆಳೆತದಿಂದ ಇಮ್ಮಡಿ ಮಾಡಬೇಕಾದರೆ ಸೆಳೆತವು ನಾಲ್ಕು ಪಟ್ಟಾಗಬೇಕು. ತೂಕವು ನಾಲ್ಕು ಪಟ್ಟಾದರೆ ಕಂಪನಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಸೋನೋಮೀಟರಿನ ಮೇಲೆ ಕಲಿಯುವ ನಿಯಮವೇ ಇದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಂಡುಧ್ವನಿಯ ತಂಬೂರಿಯಲ್ಲಿ ತಂತಿಯ ಉದ್ದ 1 ಮೀಟರು, ಷಡ್ಜ 138.6 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ನಡುವಿನ ಜೋಡಿ ತಂತಿಗಳು 0.32 ಮಿಲಿಮೀಟರು ವ್ಯಾಸದ ಉಕ್ಕಿನವಾದರೆ ಅವುಗಳ ತೂಕ ಮೀಟರಿಗೆ ಸುಮಾರು 0.63 ಗ್ರಾಂ, ಬೇಕಾಗುವ ಸೆಳೆತ ಸುಮಾರು 4.9 ಕಿಲೋಗ್ರಾಂ. ಅದೇ ತಂತಿಯನ್ನು ಮಂದ್ರ ಷಡ್ಜಕ್ಕೆ, ಅಂದರೆ 69.3 ಹರ್ಟ್ಸಿಗೆ, ಇಳಿಸಿದರೆ ಸೆಳೆತವು ಕೇವಲ 1.2 ಕಿಲೋಗ್ರಾಮಾಗುತ್ತದೆ. ಅಷ್ಟು ಸಡಿಲಾದ ತಂತಿ ಜೋತುಬಿದ್ದು ಕುದುರೆಯ ಮೇಲೆ ಬಡಿಯುವುದೇ ಹೊರತು ನುಡಿಯುವುದಿಲ್ಲ. ಆದುದರಿಂದಲೇ ಮಂದ್ರಕ್ಕೆ ದಪ್ಪನಾದ ಹಿತ್ತಾಳೆಯ ಅಥವಾ ಕಂಚಿನ ತಂತಿಯನ್ನು ಕಟ್ಟುತ್ತಾರೆ. 0.50 ಮಿಲಿಮೀಟರು ವ್ಯಾಸದ ಹಿತ್ತಾಳೆ ತಂತಿಗೆ ಸುಮಾರು 3.3 ಕಿಲೋಗ್ರಾಂ ಸೆಳೆತ ಸಾಕಾಗಿ ಅದು ತುಂಬಿ ನುಡಿಯುತ್ತದೆ.

ಬಾಸ್ ಗಿಟಾರಿನ ಅತ್ಯಂತ ಕೆಳಗಿನ ಸ್ವರ 41.2 ಹರ್ಟ್ಸ್, ತಂತಿಯ ಉದ್ದ ಸುಮಾರು 86 ಸೆಂಟಿಮೀಟರು. ಅದಕ್ಕೆ 18 ಕಿಲೋಗ್ರಾಂ ಸೆಳೆತ ಕೊಟ್ಟು ಬರಿಯ ಉಕ್ಕಿನಿಂದ ತಂತಿ ಮಾಡಹೊರಟರೆ ಅದು 2.4 ಮಿಲಿಮೀಟರು ದಪ್ಪದ ಸಲಾಕಿಯಾಗುವುದು! ಸಲಾಕಿಗೆ ತನ್ನದೇ ಆದ ಬಿರುಸು ಇರುವುದರಿಂದ ಅದರ ಉಪಸ್ವರಗಳು ಮೂಲಸ್ವರದ ಸರಿಯಾದ ಮಡಿಗಳಾಗದೆ ಅಪಸ್ವರವೆನಿಸುತ್ತವೆ. ಆದುದರಿಂದ ತೆಳುವಾದ ಉಕ್ಕಿನ ಎಳೆಯ ಮೇಲೆ ಬೇರೊಂದು ತಂತಿಯನ್ನು ಸುರುಳಿಯಾಗಿ ಸುತ್ತುತ್ತಾರೆ. ಸುತ್ತು ತೂಕವನ್ನು ಹೆಚ್ಚಿಸುತ್ತದೆ, ಬಿರುಸನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ.

ಕುದುರೆಯ ರಹಸ್ಯ

ಗಿಟಾರಿನಲ್ಲಿ ತಂತಿಯು ಕಿರಿದಾದ ಅಂಚಿನ ಮೇಲೆ ಒರಗಿದೆ. ಕಂಪಿಸುವ ಉದ್ದ ಅಲ್ಲಿ ಥಟ್ಟನೆ ಮುಗಿಯುತ್ತದೆ. ತಂಬೂರಿಯ ಕುದುರೆ ಹಾಗಲ್ಲ. ಅದು ಬೆರಳಗಲದ ಪೀಠ. ಮೇಲ್ಮೈ ಸಮತಟ್ಟಾಗಿರುವಂತೆ ಕಂಡರೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಾಗಿದೆ. ತಂತಿಯು ಕಂಪಿಸುವಾಗ ಪ್ರತಿಯೊಂದು ಆವರ್ತದಲ್ಲಿಯೂ ಈ ಬಾಗಿನ ಮೇಲೆ ಸ್ವಲ್ಪ ಹೊದ್ದುಕೊಂಡು ಮತ್ತೆ ಏಳುತ್ತದೆ. ಹೀಗೆ ಸವರಿದಾಗಲೆಲ್ಲ ಮೂಲಕಂಪನದ ಶಕ್ತಿಯಲ್ಲಿ ಒಂದಂಶವು ಮೇಲಿನ ಉಪಸ್ವರಗಳಿಗೆ ಹಂಚಿಹೋಗುತ್ತದೆ. ಈ ಗುಣಕ್ಕೆ ಜವಾರಿಯೆಂದು ಹೆಸರು.

ತಂತಿಗೂ ಕುದುರೆಗೂ ನಡುವೆ ಸೇರಿಸುವ ಹತ್ತಿಯ ಎಳೆಯನ್ನು ಕನ್ನಡದಲ್ಲಿ ಜೀವಾಳವೆನ್ನುತ್ತಾರೆ. ಎಳೆಯು ತಂತಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ, ಅದು ಕುದುರೆಯನ್ನು ಎಷ್ಟು ಮುಟ್ಟಬೇಕೋ ಅಷ್ಟೇ ಮುಟ್ಟುವಂತೆ ಮಾಡುತ್ತದೆ. ಎಳೆ ಸರಿಯಾದ ಸ್ಥಳಕ್ಕೆ ಬಂದಾಗ ಉಪಸ್ವರಗಳು ಒಂದೊಂದಾಗಿ ಅರಳುತ್ತವೆ. 69.3 ಹರ್ಟ್ಸಿನ ಮಂದ್ರತಂತಿಯ ಮೂರನೆಯ ಮಡಿ 207.9 ಹರ್ಟ್ಸ್; ಅದು ಪಂಚಮ. ಐದನೆಯ ಮಡಿ 346.5 ಹರ್ಟ್ಸ್; ಅದು ತಾರಸ್ಥಾಯಿಯ ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸದಿದ್ದರೂ ಒಳ್ಳೆಯ ತಂಬೂರಿಯಲ್ಲಿ ಗಾಂಧಾರ ತಾನಾಗಿ ಕೇಳಿಬರುವುದು ಈ ಕಾರಣದಿಂದಲೇ.

ಹದಗೊಳಿಸುವ ಕ್ರಮ

ಹವ್ಯಾಸಿಯು ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ತಂತಿ ಬದಲಿಸುವುದು. ಮೇಲಿನ ಅಳತೆಯ ತಂಬೂರಿಯ ನಾಲ್ಕು ತಂತಿಗಳೂ ಕೂಡಿ ಸುಮಾರು 16 ಕಿಲೋಗ್ರಾಮಿನಷ್ಟು ಎಳೆಯುತ್ತಿರುತ್ತವೆ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಈ ಸೆಳೆತಕ್ಕೆ ಒಗ್ಗಿದ ಮರ ಅಲುಗಬಹುದು, ಕುದುರೆ ಜರುಗಬಹುದು. ಆದುದರಿಂದ ಕುದುರೆಯ ಸ್ಥಾನವನ್ನು ಮೊದಲು ಸೀಸದ ಕಡ್ಡಿಯಿಂದ ಗುರುತಿಸಿಕೊಂಡು, ಒಂದನ್ನು ಬಿಚ್ಚಿ ಹೊಸದನ್ನು ಕಟ್ಟಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು.

ಎರಡನೆಯದು ಬಿರಡೆಗಳ ಆರೈಕೆ. ಮಳೆಗಾಲದಲ್ಲಿ ಮರ ತೇವವನ್ನು ಹೀರಿ ಉಬ್ಬುವುದರಿಂದ ಬಿರಡೆ ಬಿಗಿದುಕೊಳ್ಳುತ್ತದೆ. ಅಥಣಿಯ ಕಡೆಯ ಒಣ ಬೇಸಗೆಯಲ್ಲಿ ಕುಗ್ಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿಯನ್ನು ಸವರಿದರೆ ಹಿಡಿತ ಬರುವುದು. ಎಣ್ಣೆಯನ್ನು ಮಾತ್ರ ಎಂದಿಗೂ ಹಾಕಬಾರದು.

ಮೂರನೆಯದು ಶ್ರುತಿ. ಬಿರಡೆಯಿಂದ ಸ್ಥೂಲವಾಗಿಯೂ ಕುದುರೆಯ ಕೆಳಗಣ ಮಣಿಯಿಂದ ಸೂಕ್ಷ್ಮವಾಗಿಯೂ ಕೂಡಿಸಬೇಕು. ಕುದುರೆಯಿಂದ ದೂರ ಹೋದಂತೆ ತಂತಿಗೂ ಮರಕ್ಕೂ ನಡುವಿನ ಎಡೆ ಕಿರಿದಾಗುವುದರಿಂದ, ಮಣಿಯನ್ನು ಆ ಕಡೆಗೆ ಸರಿಸಿದರೆ ಅದು ಬೆಣೆಯಂತೆ ತಂತಿಯನ್ನೆತ್ತಿ ಶ್ರುತಿಯನ್ನು ಏರಿಸುತ್ತದೆ. ಜೋಡಿ ತಂತಿಗಳಲ್ಲಿ ಒಂದು 138.6, ಇನ್ನೊಂದು 139.1 ಹರ್ಟ್ಸ್ ಇದ್ದರೆ ಎರಡು ಸೆಕೆಂಡಿಗೊಮ್ಮೆ ಧ್ವನಿ ಉಬ್ಬಿ ಇಳಿಯುವುದು ಕೇಳಿಸುತ್ತದೆ. ಈ ಏರಿಳಿತ ನಿಧಾನವಾಗುತ್ತ ನಿಂತಾಗ ತಂತಿಗಳು ಒಂದಾದವೆಂದು ತಿಳಿಯಬೇಕು.

ನಾಲ್ಕನೆಯದು ಜೀವಾಳ. ಶ್ರುತಿ ನಿಂತ ಮೇಲೆಯೇ ಎಳೆಯನ್ನು ಸೇರಿಸಿ, ತಂತಿಯನ್ನು ಮೀಟುತ್ತ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ನಾದವು ಮಂಕಾಗಿರುವ ಒಂದು ತುದಿಗೂ ಒರಟಾಗಿ ಗರಗರ ಎನ್ನುವ ಇನ್ನೊಂದು ತುದಿಗೂ ನಡುವೆ ತೆರೆದುಕೊಳ್ಳುವ ಸ್ಥಳವೊಂದುಂಟು. ಕಿವಿಯೇ ಇಲ್ಲಿ ಅಳತೆಗೋಲು.

ಬಾಸ್ ಗಿಟಾರಿನಲ್ಲಿ ಇದಕ್ಕೆ ಸಮಾನವಾದ ಕೆಲಸ ಮನೆಗಳ ಶುದ್ಧಿ. ಹನ್ನೆರಡನೆಯ ಮನೆಯ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಪಡೆದ ಸ್ವರವೂ ಅಲ್ಲಿಯೇ ಒತ್ತಿ ಪಡೆದ ಸ್ವರವೂ ಒಂದೇ ಆಗಿರಬೇಕು. ಒತ್ತಿದಾಗ ಸೆಳೆತ ಕೊಂಚ ಹೆಚ್ಚಿ ಸ್ವರ ಏರುವುದು ಸಹಜ; ಏರಿದ್ದರೆ ಕುದುರೆಯ ತಿರುಪನ್ನು ತಿರುಗಿಸಿ ತಂತಿಯ ಉದ್ದವನ್ನು ಹೆಚ್ಚಿಸಬೇಕು.

ಎಲ್ಲಿ ಕೈ ತಡೆಯಬೇಕು?

ವರ್ಷಗಟ್ಟಲೆ ನುಡಿದ ತಂಬೂರಿಯ ಕುದುರೆಯ ಮೇಲೆ ತಂತಿಗಳು ಗೆರೆ ಕೊರೆದಿರುತ್ತವೆ. ಗೆರೆಯಲ್ಲಿ ಕುಳಿತ ತಂತಿಗೆ ಬಾಗಿನ ಮೇಲೆ ಹೊದ್ದು ಏಳಲು ಆಸ್ಪದವಿಲ್ಲ. ಆಗ ಎಳೆಯನ್ನು ಎಷ್ಟು ಸರಿಸಿದರೂ ನಾದ ತೆರೆಯುವುದಿಲ್ಲ. ಇಂತಹ ಕುದುರೆಯನ್ನು ಮತ್ತೆ ಅರದಿಂದ ಉಜ್ಜಿ ಬಾಗು ಕೊಡಬೇಕು. ಇದನ್ನು ಹವ್ಯಾಸಿಯು ತಾನೇ ಮಾಡಹೋಗಬಾರದು. ಮೂಳೆಯದೇ ಇರಲಿ, ಕೃತಕ ವಸ್ತುವಿನದೇ ಇರಲಿ, ಉಜ್ಜಿ ತೆಗೆದುದು ಮರಳಿ ಬರುವುದಿಲ್ಲ. ಕುಶಲಕರ್ಮಿಯು ಒಂದೆರಡು ಸಲ ಅರ ಆಡಿಸಿ, ತಂತಿ ಮೀಟಿ ಕೇಳಿ, ಮತ್ತೆ ಆಡಿಸುತ್ತಾನೆ. ಆ ಕಿವಿ ಸಿದ್ಧವಾಗಲು ವರ್ಷಗಳು ಬೇಕು. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ ಅಂತಹ ಯಂತ್ರಗಳು ಮನೆಮನೆಗೂ ಬಂದಿವೆ. ಅವುಗಳ ಉಪಯೋಗವೂ ದೊಡ್ಡದು. ಆದರೆ ಕುದುರೆ ಕೆಟ್ಟಿತೆಂದು ಮರದ ತಂಬೂರಿಯನ್ನು ಅಟ್ಟಕ್ಕೇರಿಸುವುದು ಹೆಚ್ಚಿದಂತೆಲ್ಲ ಅದನ್ನು ಸರಿಪಡಿಸುವ ಕೈಗಳಿಗೂ ಕೆಲಸ ತಪ್ಪುವುದು.

ಧ್ವನಿವರ್ಧಕದಲ್ಲಿ ಮಂದ್ರವೇಕೆ ಮಾಯವಾಗುವುದು?

ಏಕತಾರಿಗೆ ಪೀಜೊ ಬಿಲ್ಲೆಯನ್ನು ಅಂಟಿಸಿ ಧ್ವನಿವರ್ಧಕಕ್ಕೆ ಜೋಡಿಸಿದಾಗ ಮಂದ್ರವೆಲ್ಲ ಅಳಿದು ಬರಿಯ ಕಿರುದನಿ ಉಳಿಯುವುದುಂಟು. ದೋಷವು ಬಿಲ್ಲೆಯದಲ್ಲ. ಬಿಲ್ಲೆಯು ವಿದ್ಯುತ್ತಿನ ದೃಷ್ಟಿಯಿಂದ ಒಂದು ಧಾರಕ. ಅದರ ಧಾರಣೆ 20 ನ್ಯಾನೊಫ್ಯಾರಡ್ ಎಂದು ಹಿಡಿಯೋಣ. ವರ್ಧಕದ ಪ್ರವೇಶರೋಧ 10,000 ಓಮ್ ಇದ್ದರೆ ಇವೆರಡೂ ಕೂಡಿ ಸುಮಾರು 800 ಹರ್ಟ್ಸಿಗಿಂತ ಕೆಳಗಿನ ಸ್ವರಗಳನ್ನು ಕ್ಷೀಣಗೊಳಿಸುತ್ತವೆ. ರೋಧವನ್ನು 10 ಲಕ್ಷ ಓಮಿಗೆ ಏರಿಸಿದರೆ ಈ ಮಿತಿಯು 8 ಹರ್ಟ್ಸಿಗೆ ಇಳಿದು ಮಂದ್ರವೆಲ್ಲ ಉಳಿಯುತ್ತದೆ. ಆದುದರಿಂದ ಬಿಲ್ಲೆಗೂ ವರ್ಧಕಕ್ಕೂ ನಡುವೆ ಹೆಚ್ಚಿನ ಪ್ರವೇಶರೋಧವುಳ್ಳ ಚಿಕ್ಕ ಪೂರ್ವವರ್ಧಕವನ್ನು ಸೇರಿಸಬೇಕು. ವಿಜ್ಞಾನದ ವಿದ್ಯಾರ್ಥಿಯು ಬ್ಯಾಟರಿಯಿಂದ ನಡೆಯುವ ಇಂತಹುದನ್ನು ತಾನೇ ಜೋಡಿಸಬಹುದು.

ರಾಮನ್ನರ ಪ್ರಯೋಗ

1921ರಲ್ಲಿ ಸಿ. ವಿ. ರಾಮನ್ನರು ವೀಣೆ, ತಂಬೂರಿಗಳ ಕುದುರೆಯ ಈ ವೈಚಿತ್ರ್ಯವನ್ನು ಕುರಿತು ಬರೆದರು. ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಯಂಗ್ ಎಂಬ ವಿಜ್ಞಾನಿಯ ನಿಯಮ. ತಂಬೂರಿಯು ಈ ನಿಯಮವನ್ನು ಮೀರುವುದೆಂದು ರಾಮನ್ನರು ತೋರಿಸಿದರು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕುದುರೆಯ ಮುಂದಿನ ಅಂಚಿನ ಮೇಲೆ, ತಂತಿಯ ಅಡಿಯಲ್ಲಿ, ತೆಳುವಾದ ಬಿದಿರು ಕಡ್ಡಿಯನ್ನು ತೂರಿಸಿದರೆ ತಂತಿಯು ಬಾಗನ್ನು ಮುಟ್ಟದೆ ಸಾಮಾನ್ಯ ತಂತಿಯಂತಾಗುತ್ತದೆ. ಈಗ ಉದ್ದವನ್ನು ಅಳೆದು, ಮಂದ್ರತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿ, ಒಡನೆಯೇ ಅದೇ ಮಧ್ಯಬಿಂದುವನ್ನು ಬೆರಳಿನಿಂದ ಹಗುರವಾಗಿ ಮುಟ್ಟಬೇಕು. ನಾದವು ಬಹುತೇಕ ನಿಂತುಹೋಗುವುದು. ಏಕೆಂದರೆ ಮಧ್ಯದಲ್ಲಿ ನಿಶ್ಚಲವಾಗಿರುವ ಎರಡನೆಯ, ನಾಲ್ಕನೆಯ ಉಪಸ್ವರಗಳು ಹುಟ್ಟಿಯೇ ಇರಲಿಲ್ಲ, ಉಳಿದವುಗಳನ್ನು ಬೆರಳು ತಡೆಯಿತು. ಬಳಿಕ ಕಡ್ಡಿಯನ್ನು ತೆಗೆದು, ಜೀವಾಳವನ್ನು ಸರಿಪಡಿಸಿ ಹಾಗೆಯೇ ಮಾಡಿದರೆ, ಬೆರಳು ಮುಟ್ಟಿದ ಮೇಲೂ ಮೇಲಿನ ಷಡ್ಜವು ಸ್ಪಷ್ಟವಾಗಿ ನುಡಿಯುತ್ತಿರುತ್ತದೆ. ಮೀಟಿದ ಬೆರಳು ಕೊಡದ ಸ್ವರವನ್ನು ಕುದುರೆಯು ಕೊಟ್ಟಿತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.