ಎತ್ತಿದ ಕೈಗೆ ಹೆದರದ ಮರಿ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಸುಳಿಯುತ್ತಿತ್ತು. "ದೊಡ್ಡಪ್ಪ, ಗುಂಡನಿಗೆ ಒಬ್ಬ ಟ್ರೇನರ್ ಸಿಕ್ಕಿದ್ದಾರೆ. ಒಂದು ತಿಂಗಳು ಅವರ ಹತ್ತಿರ ಬಿಟ್ಟರೆ ಸಾಕಂತೆ, ಹೇಳಿದ್ದೆಲ್ಲ ಕೇಳೋ ಹಾಗೆ ಮಾಡಿ ವಾಪಸ್ ಕೊಡ್ತಾರಂತೆ" ಅಂದೆ. ಗುಂಡನಿಗಿನ್ನೂ 9 ವಾರ. ಅಪಾರ್ಟ್‌ಮೆಂಟಿನ ಹಿಂದಿನ ಮೋರಿ ಪಕ್ಕದಿಂದ ನೀನು ಎತ್ತಿಕೊಂಡು ಬಂದು 10 ದಿನವಾಗಿದೆ. ನಿನ್ನ ದನಿ, ನಿನ್ನ ಮೈವಾಸನೆ ಈಗಷ್ಟೇ ಅವನಿಗೆ ಮನೆ ಅನ್ನಿಸತೊಡಗಿದೆ. "ಯೋಚನೆ ಮಾಡಿ ಹೇಳ್ತೀನಿ" ಅಂದೆನಲ್ಲ, ಅದಕ್ಕೇ ಈ ಕಾಗದ. ಪಶುವೈದ್ಯನ ಮಾತು ಅಂತ ಓದಬೇಡ. ಒಂದು ಒಳ್ಳೆಯ ನಾಯಿಯ ಬಾಳನ್ನು ಕೈಯಾರೆ ಕೆಡಿಸಿದವನ ಮಾತು ಅಂತ ಓದು.

ನೌಕರಿಗೆ ಸೇರಿದ ಹೊಸದರಲ್ಲಿ ನನ್ನ ಹತ್ತಿರ ರಾಜ ಅಂತ ಒಂದು ಆಲ್ಸೇಷಿಯನ್ ಇತ್ತು. ನಾಯಿ ಪಳಗಿಸುವುದರಲ್ಲಿ ಹೆಸರು ಮಾಡಿದ್ದ ಒಬ್ಬರ ಕೈಗೆ ಒಪ್ಪಿಸಿದೆ. ಜಗ್ಗಿದರೆ ಕತ್ತು ಬಿಗಿಯುವ ಚೋಕ್ ಚೈನ್ ಹಾಕಿದರು. ತಪ್ಪಿದರೆ ಒಂದು ಜಗ್ಗು, ಮತ್ತೆ ತಪ್ಪಿದರೆ ಬೆತ್ತ. ಎರಡು ತಿಂಗಳಲ್ಲಿ ರಾಜ ನೆರಳಿನ ಹಾಗೆ ನನ್ನ ಎಡಗಾಲಿಗೆ ಅಂಟಿಕೊಂಡು ನಡೆಯತೊಡಗಿದ. ನೋಡಿದವರೆಲ್ಲ ಹೊಗಳಿದರು, ನಾನೂ ಬೀಗಿದೆ. ಒಂದು ಬೆಳಿಗ್ಗೆ ಹಗ್ಗದ ಮೇಲಿನ ಟವೆಲ್ ತೆಗೆಯಲು ಕೈ ಎತ್ತಿದೆ. ಪಕ್ಕದಲ್ಲಿದ್ದ ರಾಜ ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು, ನಿಂತಲ್ಲೇ ಉಚ್ಚೆ ಹೊಯ್ದು, ಮಂಚದ ಕೆಳಗೆ ನುಸುಳಿಬಿಟ್ಟ. ನಾನು ಒಂದು ದಿನವೂ ಅವನಿಗೆ ಹೊಡೆದವನಲ್ಲ. ಆದರೆ ಎತ್ತಿದ ಕೈ ಯಾರದ್ದಾದರೂ ಏಟೇ ಬೀಳುವುದು ಎಂದು ಅವನು ಕಲಿತುಬಿಟ್ಟಿದ್ದ. ಆಮೇಲೆ ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಬಾಳಿದ, ಆ ಬೆದರು ಮಾತ್ರ ಕೊನೆಯವರೆಗೂ ಹೋಗಲಿಲ್ಲ. ನಾನು ಶಿಸ್ತು ಅಂದುಕೊಂಡದ್ದು ನಡುಕವಾಗಿತ್ತು.

ಅದಕ್ಕೇ ನಿನಗೆ ಹೇಳುವುದು ಒಂದೇ ಮಾತು, ಮಗಳೇ: ಟ್ರೇನರನ್ನು ಆರಿಸುವಾಗ ಅವರ ಮಾತಿಗೆ ಮರುಳಾಗಬೇಡ, ಅವರ ಮುಂದೆ ನಿಂತ ನಾಯಿಯ ಮೈ ನೋಡು.

ನಮ್ಮಲ್ಲಿ ನಾಳೆ ಬೆಳಿಗ್ಗೆ ಯಾರು ಬೇಕಾದರೂ "ಡಾಗ್ ಟ್ರೇನರ್" ಅಂತ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ಗೋಡೆಯ ಮೇಲಿನ ಸರ್ಟಿಫಿಕೇಟು, ಫೋನಿನಲ್ಲಿ ತೋರಿಸುವ ವಿಡಿಯೊ ನಂಬಿ ದುಡ್ಡು ಕಟ್ಟಬೇಡ. ಮೊದಲ ದಿನ ಗುಂಡನನ್ನು ಮನೆಯಲ್ಲೇ ಬಿಟ್ಟು ನೀನೊಬ್ಬಳೇ ಹೋಗು. ಒಂದು ಪಾಠ ಪೂರ್ತಿ ಕೂತು ನೋಡು. ಮೈ ಸಡಿಲಾಗಿದೆಯೇ, ಬಾಲ ಸೊಂಟದ ಸಮೇತ ಆಡುತ್ತಿದೆಯೇ, ಹೇಳಿಕೊಡುವವರ ಮುಖವನ್ನು ನಾಯಿ ತಾನಾಗಿ ನೋಡುತ್ತಿದೆಯೇ? ಅಲ್ಲಿ ಕಲಿಕೆ ನಡೆದಿದೆ. ನಿದ್ದೆಯಿಲ್ಲದೆ ಆಕಳಿಸುವುದು, ತಿಂಡಿಯಿಲ್ಲದೆ ಪದೇಪದೇ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಮುಂಗಾಲು ಒಂದನ್ನು ಎತ್ತಿ ನಿಲ್ಲುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು ಕಂಡರೆ ಅದು ಹೆದರಿದೆ ಎಂದು ತಿಳಿ. ಗುರುಗುಟ್ಟುವುದಕ್ಕೆ ಎಷ್ಟೋ ಮೊದಲೇ ನಾಯಿ ಹೀಗೆ ಹೇಳಿಕೊಳ್ಳುತ್ತದೆ. ಕೆಲವಂತೂ ಕಲ್ಲಿನ ಹಾಗೆ ನಿಂತುಬಿಡುತ್ತವೆ, ಮೂಗಿನ ಮುಂದೆ ಕೋಳಿ ತುಂಡು ಹಿಡಿದರೂ ಬಾಯಿ ತೆರೆಯುವುದಿಲ್ಲ. ಅದನ್ನು "ಆಹಾ, ಎಂಥ ಶಿಸ್ತು" ಅನ್ನುವವರಿದ್ದಾರೆ. ನೀನು ಅನ್ನಬೇಡ.

ಪಾಠ ಮುಗಿದ ಮೇಲೆ ಮೂರು ಪ್ರಶ್ನೆ ಕೇಳು. ಮರಿ ಸರಿಯಾಗಿ ಮಾಡಿದರೆ ಏನು ಕೊಡ್ತೀರಿ? ತಪ್ಪು ಮಾಡಿದರೆ ಏನು ಮಾಡ್ತೀರಿ? ನಿಮ್ಮ ಚೀಲದಲ್ಲಿರೋ ಬೆಲ್ಟು, ಚೈನು ಒಮ್ಮೆ ತೋರಿಸ್ತೀರಾ? ತಿಂಡಿ, ಆಟ, ಹೊಗಳಿಕೆ ಕೊಡ್ತೀವಿ, ತಪ್ಪಿದರೆ ಇನ್ನೂ ಸುಲಭ ಮಾಡಿ ಮತ್ತೆ ಹೇಳಿಕೊಡ್ತೀವಿ ಎಂದು ನೇರವಾಗಿ ಹೇಳುವವರು ಸಿಕ್ಕರೆ ಬಿಡಬೇಡ. ಚೋಕ್ ಚೈನು, ಒಳಗೆ ಮುಳ್ಳಿರುವ ಬೆಲ್ಟು, ಕರೆಂಟ್ ಹೊಡೆಯುವ ಬೆಲ್ಟು ಚೀಲದಿಂದ ಹೊರಬಂದರೆ ಕೈಮುಗಿದು ಎದ್ದು ಬಾ. ಕರೆಂಟ್ ಬೆಲ್ಟನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿತು. ನಾಯಿಗೆ ಕಲಿಸಲು ಬಹುಮಾನದ ದಾರಿಯನ್ನಷ್ಟೇ ಬಳಸಬೇಕೆಂದು ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಖಚಿತವಾಗಿ ಹೇಳಿದೆ. ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಸುಮ್ಮನೆ ನೋಯಿಸುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರವೂ ಅಪರಾಧ. "ಇಷ್ಟೇ ದಿನದಲ್ಲಿ ಗ್ಯಾರಂಟಿ" ಅನ್ನುವವರಿಂದಲೂ ದೂರವಿರು. ಅವಸರ ಇರುವ ಕಡೆ ಬೆತ್ತ ಬೇಗ ಹೊರಗೆ ಬರುತ್ತದೆ.

"ನೀವೇ ಲೀಡರ್ ಅಂತ ತೋರಿಸ್ಬೇಕು, ಮರಿಯನ್ನು ಅಂಗಾತ ಕೆಡವಿ ಒತ್ತಿ ಹಿಡೀಬೇಕು, ತೋಳಗಳು ಹಾಗೇ ಮಾಡೋದು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತಿನ ಬೇರು ಎಲ್ಲಿದೆ ಗೊತ್ತೇ? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದರಲ್ಲಿ. ಡೇವಿಡ್ ಮೆಕ್ ಎಂಬ ತೋಳತಜ್ಞರ 1970ರ ಪುಸ್ತಕದಿಂದ ಅದು ಲೋಕಕ್ಕೆಲ್ಲ ಹರಡಿತು. ಅದೇ ಮೆಕ್, ಕಾಡಿನ ತೋಳಗಳನ್ನು ವರ್ಷಾನುಗಟ್ಟಲೆ ನೋಡಿದ ಮೇಲೆ, 1999ರಲ್ಲಿ ಅದನ್ನು ತಿದ್ದಿ ಬರೆದರು: ತೋಳದ ಹಿಂಡೆಂದರೆ ಬಹುಮಟ್ಟಿಗೆ ಅಪ್ಪ, ಅಮ್ಮ, ಅವರ ಮಕ್ಕಳಿರುವ ಸಂಸಾರ. ಗುಂಡ ನಿನ್ನ ಪಟ್ಟ ಕಸಿಯಲು ಬಂದವನಲ್ಲ. ಅವನಿಗೆ ನೀನು ಒಡತಿ ಆಗುವುದಕ್ಕಿಂತ ತಾಯಿ ಆಗಬೇಕು.

ಇನ್ನು ಒಂದು ತಿಂಗಳು ಬಿಟ್ಟು ಬರುವ ಮಾತು. ಬೇಡ, ಪುಟ್ಟಿ. ಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವುದು 3ನೇ ವಾರದಿಂದ ಹೆಚ್ಚೆಂದರೆ 14ನೇ ವಾರದವರೆಗೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಬರೆದಿಟ್ಟ ವಿಷಯವಿದು. ಆ ದಿನಗಳಲ್ಲಿ ಅಂಜದೆ ಕಂಡದ್ದೆಲ್ಲ ಮರಿಗೆ ಮುಂದೆ ಸ್ವಂತ. ಕುಕ್ಕರಿನ ಸೀಟಿ, ಲಿಫ್ಟು, ಹಾಲಿನವನ ಸ್ಕೂಟರು, ಕೊಡೆ ಹಿಡಿದ ಅಜ್ಜಿ, ಓಡಾಡುವ ಮಕ್ಕಳು ಎಲ್ಲವನ್ನೂ ಗುಂಡ ಈಗ, ನಿನ್ನ ತೋಳಿನಲ್ಲಿ ಕೂತು ನೋಡಬೇಕು. ಬೇರೆಯವರ ಶೆಡ್ಡಿನಲ್ಲಿ ತಿಂಗಳು ಕಳೆದರೆ ಆ ಬಾಗಿಲು ಅರ್ಧ ಮುಚ್ಚಿರುತ್ತದೆ. ಕಲಿತರೂ ಆ ಟ್ರೇನರಿನ ದನಿಗೆ ಕಲಿತಿರುತ್ತಾನೆ.

ಮದ್ದೂರು ಸೀಮೆಯ ಆತಕೂರು ಶಾಸನದ ಕತೆ ನಿನಗೆ ಚಿಕ್ಕವಳಿದ್ದಾಗ ಹೇಳಿದ್ದೆ. ಕ್ರಿ.ಶ. 950ರ ಸುಮಾರಿನ ಕಲ್ಲು. ತಕ್ಕೋಲಂ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ ಏನು ಬೇಕು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅವನು ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಡಿಸಿದ. ನಾಯಿಯನ್ನು ಬೇಡಿ ಪಡೆದವರ ನಾಡು ನಮ್ಮದು. ಸಿಕ್ಕಿದ್ದನ್ನು ಹತ್ತೇ ದಿನಕ್ಕೆ ಬೇರೆಯವರ ಕೈಗೆ ಕೊಟ್ಟು ಕಳಿಸಬೇಡ. ನಿನ್ನನ್ನೂ ಜೊತೆಗೆ ಕೂರಿಸಿಕೊಂಡು, ಚೈನು ನಿನ್ನ ಕೈಗೇ ಕೊಟ್ಟು ಹೇಳಿಕೊಡುವವರನ್ನು ಹುಡುಕು. ಒಳ್ಳೆಯ ಟ್ರೇನರ್ ಮೊದಲು ಮನೆಯವರಿಗೆ ಪಾಠ ಹೇಳುತ್ತಾರೆ.

ಲಸಿಕೆಯೆಲ್ಲ ಮುಗಿಯುವವರೆಗೆ ಹೊರಗೆ ಕರೆದೊಯ್ಯಬಾರದಲ್ಲ ಎಂದು ಕೇಳುತ್ತೀಯ. ಪಾರ್ವೋ ಭಯ ನಿಜವಾದದ್ದೇ. ರಕ್ತ ಭೇದಿಯಾಗಿ ಕಣ್ಣೆದುರೇ ಬಾಡಿದ ಎಷ್ಟೋ ಮರಿಗಳನ್ನು ನಾನು ಈ ಕೈಯಲ್ಲಿ ಹಿಡಿದಿದ್ದೇನೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಬೀದಿ, ಪಾರ್ಕಿನ ಹುಲ್ಲು ಈಗ ಬೇಡ. ಆದರೆ ಮೊದಲ ಲಸಿಕೆಯಾಗಿ ಕನಿಷ್ಠ 7 ದಿನ ಕಳೆದಿದ್ದು, ಜಂತುಹುಳದ ಔಷಧಿಯೂ ಆಗಿದ್ದರೆ, ಮರಿಗಳ ಪಾಠಕ್ಕೆ ಸೇರಿಸಬಹುದು. ಆ ಜಾಗ ಮಾತ್ರ ಹೇಗಿರಬೇಕು ಕೇಳು: ನೆಲ ತೊಳೆಯುವಂಥದ್ದಾಗಿರಬೇಕು, ಪ್ರತಿ ಮರಿಯ ಲಸಿಕೆ ಕಾರ್ಡ್ ನೋಡಿಯೇ ಒಳಗೆ ಬಿಡಬೇಕು, ಕಾಯಿಲೆ ಮರಿಯನ್ನು ಮರುಮಾತಿಲ್ಲದೆ ವಾಪಸ್ ಕಳಿಸಬೇಕು. ನಿನ್ನ ಕಾರ್ಡ್ ಕೇಳದೆ ಸೇರಿಸಿಕೊಂಡರೆ ಬೇರೆಯವರದ್ದನ್ನೂ ಕೇಳಿರುವುದಿಲ್ಲ. 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಬೂಸ್ಟರ್ ತಪ್ಪಿಸಬೇಡ. 3 ತಿಂಗಳಿಗೆ ರೇಬೀಸ್ ಇಂಜೆಕ್ಷನ್ ಮರೆಯಬೇಡ. ಅಲ್ಲಿಯವರೆಗೆ ಅವನ ಹಲ್ಲು ತಾಗಿ ಚರ್ಮ ಗೀರಿದರೂ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸು. ಬೀದಿಯಿಂದ ಬಂದ ಮರಿಯ ವಿಷಯದಲ್ಲಿ ಸಂಕೋಚ ಬೇಡ.

ಒಳ್ಳೆಯ ಟ್ರೇನರ್ ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲು ಮನೆಯವರೆಲ್ಲ ಒಂದು ಮಾತಿಗೆ ಬನ್ನಿ. ನೀನು "ಬಾ" ಅಂತೀಯ, ನಿನ್ನಮ್ಮ "ಇಲ್ಲಿ ಬಾರೋ" ಅಂತಾಳೆ, ತಮ್ಮ "ಕಮ್" ಅಂತಾನೆ. ಮರಿ ಯಾವುದನ್ನು ಕಲಿಯಬೇಕು? ಒಂದನ್ನು ಇಟ್ಟುಕೊಳ್ಳಿ. "ಬಾ" ಅಂದಾಗ ಓಡಿಬಂದವನನ್ನು ಯಾವತ್ತೂ ಬೈಯಬೇಡಿ, ಚಪ್ಪಲಿ ಕಡಿದಿದ್ದರೂ ಸರಿ. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದುಹೋಗಿ, ಮೂತಿಗೆ ಹೊಡೆಯಬೇಡಿ. ಪಾಠ ಒಂದು ಸಲಕ್ಕೆ 3ರಿಂದ 5 ನಿಮಿಷ ಸಾಕು, ದಿನಕ್ಕೆ ನಾಲ್ಕಾರು ಸಲ ಮಾಡು. ಅವನು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸು.

ಮೊದಲ ಪಾಠ ನಾನೇ ಹೇಳಿಕೊಡುತ್ತೇನೆ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಒಂದು ಎಳೆಯನ್ನು ಕಡಲೆಕಾಳಿನಷ್ಟು ಹರಿದು ಎರಡು ಬೆರಳಲ್ಲಿ ಹಿಡಿ. ಗುಂಡನ ಮೂಗಿನ ಮುಂದೆ ತಂದು ನಿಧಾನಕ್ಕೆ ಮೇಲಕ್ಕೆ, ಅವನ ತಲೆಯ ಹಿಂದಕ್ಕೆ ಒಯ್ಯಿ. ಮೂಗು ಮೇಲೇರಿದ ಹಾಗೆ ಅಂಡು ತಾನಾಗಿ ನೆಲಕ್ಕೆ ಇಳಿಯುತ್ತದೆ. ಅಂಡು ನೆಲ ಮುಟ್ಟಿದ ಗಳಿಗೆಯಲ್ಲೇ "ಜಾಣ" ಅಂದು ಬಾಯಿಗೆ ಕೊಡು. ಬೆನ್ನು ಒತ್ತಬೇಡ. ನಾಲ್ಕಾರು ದಿನ ಮಾಡಿದ ಮೇಲೆ ಬರಿಗೈಯನ್ನೇ ಹಾಗೆ ಮೇಲೆತ್ತು, ಕೂತ ಮೇಲೆ ಇನ್ನೊಂದು ಕೈಯಿಂದ ಕೊಡು.

ಮುಂದಿನ ತಿಂಗಳು ನಾನು ಬೆಂಗಳೂರಿಗೆ ಬಂದಾಗ ಗುಂಡನ ಮುಂದೆ ನಿಂತು ಒಮ್ಮೆ ಕೈ ಎತ್ತುತ್ತೇನೆ. ಅವನು ಕೂತು, ಬಾಲದಿಂದ ನೆಲ ಗುಡಿಸುತ್ತಾ, ಆ ಕೈಯನ್ನೇ ಆಸೆಗಣ್ಣಿನಿಂದ ನೋಡುವುದನ್ನು ನಾನು ಕಾಣಬೇಕು.

ನಿನ್ನ,
ದೊಡ್ಡಪ್ಪ